ಇಂಗಳೇಶ್ವರದ ರಾಕೆಟ್ ಗೇಟು

ನಾನು ಶಾಲೆ ಬಿಟ್ಟದ್ದು ೧೯೮೮ರಲ್ಲಿ, ಏಳನೆಯ ತರಗತಿಯ ನಟ್ಟನಡುವೆ. ಯಾರೂ ಬಿಡಿಸಿದ್ದಲ್ಲ, ನಾನೇ ಬಿಟ್ಟೆ. ದೇವಣಗಾಂವದಿಂದ ಅಪ್ಪನ ಜೊತೆ ಸಿಂದಗಿ ಸಂತೆಗೆ ಹೋದವನು, ಒಂದು ಅಂಗಡಿಯ ಮುಂದೆ ಒಬ್ಬಾತ ಕಬ್ಬಿಣಕ್ಕೆ ಕಬ್ಬಿಣ ಅಂಟಿಸುವುದನ್ನು ಕಂಡೆ. ಅಪ್ಪ ಎತ್ತಿನ ಹಗ್ಗ ಕೊಂಡು ಮುಗಿಸುವ ತನಕ ಆ ನೀಲಿ ಬೆಳಕನ್ನು ಬರಿಗಣ್ಣಿನಿಂದ ನೋಡುತ್ತ ನಿಂತೆ. ಅಂದು ಮಲಗಿದ ಮೇಲೆ ಕಣ್ಣಿಗೆ ಮರಳು ಹೊಯ್ದಂತಾಗಿ ಮನೆಮಂದಿಯನ್ನೆಲ್ಲ ಎಬ್ಬಿಸಿದೆ. ಅವ್ವ ಸೌತೆಕಾಯಿಯ ಹೋಳು ಕಣ್ಣಮೇಲಿಟ್ಟು, "ಇನ್ನೊಮ್ಮಿ ಆ ಕಡಿ ನೋಡಿದಿ ಅಂದ್ರ ನೋಡ ಮತ್ತ" ಅಂದಳು. ನಾನು ಹೋಳಿನ ಕೆಳಗಿನಿಂದಲೇ "ನಾ ಅದನ್ನ ಕಲಿಯಾಂವ" ಅಂದೆ. ಶಾಲೆಯಲ್ಲಿ ಅಷ್ಟು ವರ್ಷ ಕೂತರೂ ಯಾವುದನ್ನೂ ನಾನು ಅಷ್ಟು ಕಣ್ಣು ಬಿಟ್ಟು ನೋಡಿರಲಿಲ್ಲ.

ಈಗ ಬಸವನ ಬಾಗೇವಾಡಿಯಲ್ಲಿ ನನ್ನದೇ ವೆಲ್ಡಿಂಗ್ ಅಂಗಡಿ ಇದೆ. ಗೇಟು, ಕಿಟಕಿ, ಟ್ರ್ಯಾಕ್ಟರ್ ಟ್ರಾಲಿ, ದನದ ಕೊಟ್ಟಿಗೆಯ ಶೆಡ್ಡು, ಏನು ಹೇಳಿದರೂ ಮಾಡುತ್ತೇನೆ, ಮತ್ತು ಚೆನ್ನಾಗಿಯೇ ಮಾಡುತ್ತೇನೆ. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ನನ್ನ ಹೆಂಡತಿ ಶಾಂತವ್ವನಿಗೆ ಮಾತ್ರ ಇದೆ. ಅವಳು ಮುದ್ದೇಬಿಹಾಳದವಳು, ಆ ಕಡೆಯವರು ತಮ್ಮನ್ನು ತಾವು ಹೊಗಳಿಕೊಳ್ಳುವುದಿಲ್ಲವಂತೆ. ಇದನ್ನೂ ಅವಳೇ ಹೇಳಿದ್ದು.

ಇದೆಲ್ಲ ಈಗ ಯಾಕೆ ನೆನಪಾಯಿತು ಅಂದರೆ, ನಿನ್ನೆ ಯಂಕಂಚಿಯ ರೈತರೊಬ್ಬರು ನೇಗಿಲ ಕುಳ ಬೆಸೆಯಿಸಲು ಬಂದಿದ್ದರು. ನಾನು ಕೆಲಸ ಮಾಡುತ್ತಿದ್ದಾಗ ಅವರು ತಲೆಯೆತ್ತಿ ನನ್ನ ಅಂಗಡಿಯ ಗೋಡೆ ನೋಡುತ್ತ ಕೂತರು.

"ಆ ಕುಡಗೋಲ ಏನ್ ಹೇಳ್ತೀರಿ?" ಅಂದರು.

"ಯಾವ ಕುಡಗೋಲ್ರಿ ಕಾಕಾ?"

"ಅದ, ಗ್ವಾಡಿ ಮೊಳಿಗಿ ಜೋತಬಿದ್ದೈತಲ್ಲ. ಹಿಡಿಕಿ ಒಂದ ಹಾಕಿ ಕೊಡ್ರಿ, ಒಯ್ತೇನಿ."

"ಅದು ಕುಡಗೋಲಲ್ಲ ಕಾಕಾ. ಚಂದ್ರ."

ಅವರು ಒಮ್ಮೆ ಹೊರಗಿನ ಬಿಸಿಲನ್ನು ನೋಡಿದರು, ಒಮ್ಮೆ ನನ್ನನ್ನು ನೋಡಿದರು. "ಚಂದ್ರಗ ಹಿಡಿಕಿ ಹಾಕಾಕ ಬರೂದಿಲ್ಲೇನು?"

ಬರುತ್ತದೆ. ಆದರೆ ಹಾಕಲಾರೆ. ಆ ಚಂದ್ರನೂ ಅದರ ಪಕ್ಕದ ಐದು ಕಬ್ಬಿಣದ ಚುಕ್ಕಿಗಳೂ ಒಂದು ಗೇಟಿನಿಂದ ಕಿತ್ತು ತೆಗೆದವು. ಆ ಗೇಟಿನ ಕತೆ ಹೇಳಬೇಕಾದರೆ ಮೊದಲು ನನ್ನ ಓದಿನ ಚಟದ ಕತೆ ಹೇಳಬೇಕು. ನಿಮಗೆ ಅವಸರವಿಲ್ಲ ಅಂದುಕೊಂಡಿದ್ದೇನೆ. ಇದ್ದರೆ ಚಂದ್ರನಿಗೆ ಕುಡಗೋಲೆಂದು ಹೆಸರಿಟ್ಟುಕೊಂಡು ಹೊರಡಬಹುದು.

ಕೆಲಸ ಕಲಿತ ಮೇಲೆ ಕೆಲವು ವರ್ಷ ನಾನು ಇಂಡಿಯಲ್ಲಿದ್ದೆ. ನಿಂಬೆಹಣ್ಣಿನ ವ್ಯಾಪಾರದವರಿಗೆ ಶೆಡ್ಡು ಕಟ್ಟುವ ಕೆಲಸ. ಮೈಗೆಲ್ಲ ಕಬ್ಬಿಣದ ವಾಸನೆ, ಗಾಳಿಗೆಲ್ಲ ನಿಂಬೆಯ ವಾಸನೆ. ಹಳೆಯ ಕಬ್ಬಿಣ ಬೇಕಾದರೆ ಶಿವಪುತ್ರಪ್ಪನವರ ಗುಜರಿ ಅಂಗಡಿಗೆ ಹೋಗುತ್ತಿದ್ದೆ. ಅವರು ಕಬ್ಬಿಣ ತೂಗುವ ತಕ್ಕಡಿಯಲ್ಲೇ ರದ್ದಿ ಪುಸ್ತಕವನ್ನೂ ತೂಗುತ್ತಿದ್ದರು. ಒಂದು ದಿನ ಆ ರಾಶಿಯಲ್ಲಿ ಒಂದು ಕಾದಂಬರಿ ಕಣ್ಣಿಗೆ ಬಿತ್ತು. ಹೊದಿಕೆಯ ಮೇಲೆ ಕೆಂಪು ಮಣ್ಣು, ಅದರ ಮೇಲೊಂದು ರಾಕೆಟ್, ಪಕ್ಕದಲ್ಲಿ ತಲೆಗೆ ಗಾಜಿನ ಗಡಿಗೆ ಕವುಚಿಕೊಂಡ ಮನುಷ್ಯ. ನನ್ನ ಕಣ್ಣು ಹೋದದ್ದು ಮನುಷ್ಯನ ಮೇಲಲ್ಲ, ರಾಕೆಟ್ಟಿನ ಮೈಮೇಲಿನ ಬೆಸುಗೆಯ ಜೋಡುಗಳ ಮೇಲೆ. ಯಾವನೋ ಪುಣ್ಯಾತ್ಮ ಬಹಳ ಸಫಾಯಿಯಿಂದ ಬೆಸೆದಿದ್ದ.

"ಏನ್ ಅಷ್ಟ ನೋಡಾಕತ್ತಿ ಸಂಗಪ್ಪಾ?" ಅಂದರು ಶಿವಪುತ್ರಪ್ಪ.

"ಇದರ ಜೋಡ ಯಾರ ಹೊಡದಾರಂತ ನೋಡಾಕತ್ತೇನ್ರಿ."

"ಒಯ್ದ ಓದ. ಒಳಗ ಬರದಿರಬೇಕು."

ಒಳಗೆ ಬರೆದಿರಲಿಲ್ಲ. ಅಂದಿನಿಂದ ಇಂದಿನವರೆಗೆ ನಾನು ಓದಿದ ಯಾವ ವಿಜ್ಞಾನ ಕಾದಂಬರಿಯಲ್ಲೂ ವೆಲ್ಡರ್ ಬಂದಿಲ್ಲ. ವಿಜ್ಞಾನಿ ಬರುತ್ತಾನೆ, ಸೇನಾಪತಿ ಬರುತ್ತಾನೆ, ಕವಿತೆ ಓದುವ ಯಂತ್ರಮಾನವ ಕೂಡ ಬರುತ್ತಾನೆ. ರಾಕೆಟ್ ಮಾತ್ರ ಮೆಕ್ಕೆಜೋಳದ ಹಾಗೆ ತಾನೇ ಎದ್ದು ನಿಂತಿರುತ್ತದೆ. ಆದರೂ ಓದಿದೆ. ಬಿಡಲಾಗಲಿಲ್ಲ. ಕಪ್ಪು ಗಾಜಿನ ಹಿಂದೆ ಕೂತು ಕಿಡಿ ಹಾರಿಸುವವನಿಗೆ ದಿನವಿಡೀ ಕಾಣುವುದು ಅದೇ ತಾನೆ, ಕತ್ತಲೆ ಮತ್ತು ಅದರಲ್ಲಿ ಚುಕ್ಕಿ. ನನಗೆ ಆ ಪುಸ್ತಕಗಳು ಪರಸ್ಥಳ ಅನ್ನಿಸಲೇ ಇಲ್ಲ.

ಮೊದಮೊದಲು ಸಿಕ್ಕ ಕಾದಂಬರಿಗಳಲ್ಲಿ ನಾಯಕನ ಹೆಸರು ನನ್ನ ಬಾಯಲ್ಲಿ ಹೊರಳುತ್ತಿರಲಿಲ್ಲ. ಹೆಸರು ಬಂದಲ್ಲೆಲ್ಲ ಬಸಪ್ಪ ಅಂತ ಓದಿಕೊಂಡೆ. ಅವನ ಪ್ರೇಯಸಿಯನ್ನು ಕಾಶೀಬಾಯಿ ಮಾಡಿಕೊಂಡೆ. ಬಸಪ್ಪ ಕಾಶೀಬಾಯಿಯನ್ನು ಹುಡುಕಿಕೊಂಡು ಶುಕ್ರ ಗ್ರಹಕ್ಕೆ ಹೋದಾಗ ನನಗೆ ನಗು ಬರಲಿಲ್ಲ, ನಿಜವಾಗಿ ಗಾಬರಿಯಾಯಿತು. ಆದರೆ ಬಸಪ್ಪನ ನಡತೆ ನನಗೆ ಹಿಡಿಸುತ್ತಿರಲಿಲ್ಲ. ಅವನು ಊಟಕ್ಕೆ ಬದಲು ಗುಳಿಗೆ ನುಂಗುತ್ತಿದ್ದ. ಆ ಹಡಗಿನಲ್ಲಿ ಯಾರೂ ಯಾರಿಗೂ 'ಊಟ ಆತೇನು' ಅಂತ ಕೇಳುತ್ತಿರಲಿಲ್ಲ. ಅಷ್ಟು ಮಂದಿ, ಅಷ್ಟು ವರ್ಷ, ಒಂದೇ ಡಬ್ಬಿಯೊಳಗೆ! ಯಾರಿಗೂ ಬೀಗರಿಲ್ಲ, ಯಾರಿಗೂ ಹಬ್ಬವಿಲ್ಲ.

ಆಮೇಲೆ ಒಂದೊಂದಾಗಿ ನಮ್ಮವರ ಕಾದಂಬರಿಗಳು ಸಿಕ್ಕವು. ನಮ್ಮವರು ಅಂದರೆ, ರಾಕೆಟ್ ಹತ್ತಿದರೂ ನಮ್ಮ ಹಾಗೇ ಇರುವವರು. ಒಂದರಲ್ಲಿ ನಾಯಕನ ತಾಯಿ ಅವನಿಗೆ ಗರಿಗರಿ ಕಟಕ ರೊಟ್ಟಿ ಮತ್ತು ಶೇಂಗಾ ಚಟ್ನಿಯ ಬುತ್ತಿ ಕಟ್ಟಿಕೊಡುತ್ತಾಳೆ. ಭಾರವೇ ಇಲ್ಲದ ಜಾಗದಲ್ಲಿ ಅವನು ಬುತ್ತಿ ಬಿಚ್ಚಿದ ಕೂಡಲೇ ಚಟ್ನಿಪುಡಿ ಎದ್ದು ಹಡಗಿನ ತುಂಬ ತೇಲುತ್ತದೆ. ಬೇರೆ ಬೇರೆ ದೇಶದ ವಿಜ್ಞಾನಿಗಳೆಲ್ಲ ಬಾಯಿ ತೆರೆದುಕೊಂಡು ಮೀನಿನ ಹಾಗೆ ಈಜಾಡಿ ತಿನ್ನುತ್ತಾರೆ, ಖಾರಕ್ಕೆ ಕಣ್ಣೀರು ಬಂದರೆ ಆ ಕಣ್ಣೀರೂ ತೇಲುತ್ತದೆ. ನಾನು ನಕ್ಕು ನಕ್ಕು ಶಾಂತವ್ವನಿಗೆ ಓದಿ ಹೇಳಿದೆ. ಅವಳು ನಗಲಿಲ್ಲ.

"ಆಕಿ ಎಂಥಾ ಹೆಣ್ಣಮಗಳ್ರಿ? ಎಣ್ಣಿ ಹಾಕಿ ಕಲಿಸಿ ಕಟ್ಟಿದ್ರ ಯಾಕ ಹಾರ್ತಿತ್ತು?"

ಬರೆದವರಿಗೆ ಇದು ಹೊಳೆದಿರಲಿಕ್ಕಿಲ್ಲ. ಹೊಳೆದಿದ್ದರೆ ಕತೆಯೇ ಆಗುತ್ತಿರಲಿಲ್ಲ ಅಂದೆ. "ಚಟ್ನಿ ಹಾಳಾದ್ರ ಕತಿ ಆಗತೈತಿ ಅಂದ್ರ ಎಂಥಾ ಕತಿ" ಅಂದಳು.

ಇನ್ನೊಂದರಲ್ಲಿ ಮಂಗಳ ಗ್ರಹಕ್ಕೆ ಹೋಗಿ ನೆಲೆಸಿದ ನಮ್ಮ ಮಂದಿಗೆ ಎಳ್ಳ ಅಮಾವಾಸ್ಯೆ ಯಾವತ್ತು ಅನ್ನುವುದೇ ತಿಳಿಯುವುದಿಲ್ಲ. ಅಲ್ಲಿ ಎರಡು ಚಂದ್ರ, ಅದರಲ್ಲಿ ಒಂದಂತೂ ದಿನಕ್ಕೆ ಮೂರು ಸಲ ಸುತ್ತುತ್ತದಂತೆ. ಹೊಲಕ್ಕೆ ಚರಗದ ನೈವೇದ್ಯ ಚೆಲ್ಲುವುದು ಯಾವ ಚಂದ್ರನ ಅಮಾವಾಸ್ಯೆಗೆ ಅಂತ ಊರೇ ಎರಡು ಪಾಲಾಗುತ್ತದೆ. ನಮ್ಮ ಕಡೆ ಅಮಾವಾಸ್ಯೆಗೆ ಮಶೀನುಗಳಿಗೆ ರಜೆ ಕೊಟ್ಟು ಪೂಜೆ ಮಾಡುತ್ತೇವೆ. ಆ ಗ್ರಹದಲ್ಲಿ ವೆಲ್ಡಿಂಗ್ ಅಂಗಡಿ ಇಟ್ಟರೆ ದಿನವೂ ಬಾಗಿಲು ಹಾಕಬೇಕಾದೀತು ಎಂದು ನಾನು ಬಹಳ ಹೊತ್ತು ಚಿಂತೆ ಮಾಡಿದೆ. ಮತ್ತೊಂದರಲ್ಲಿ ಮದುಮಗನ ಸೋದರಮಾವನನ್ನು ಹಡಗಿನ ಹಿಂದಿನ ಸೀಟಿನಲ್ಲಿ ಕೂರಿಸಿದ್ದಕ್ಕೆ ಅವನು ಸಿಟ್ಟಾಗಿ ಇಳಿದುಬಿಡುತ್ತಾನೆ. ಅವನನ್ನು ರಮಿಸಿ ಹತ್ತಿಸುವ ತನಕ ಉಡಾವಣೆ ನಿಲ್ಲುತ್ತದೆ. ಇದು ಕಾಲ್ಪನಿಕ ಅಂತ ಮೊದಲ ಪುಟದಲ್ಲಿ ಹಾಕಿದ್ದರು. ನಾನು ನಂಬಲಿಲ್ಲ.

ಇಂಥ ಓದು ತಲೆಯಲ್ಲಿ ತುಂಬಿದವನ ಬಳಿಗೆ, ಮೂರ್ನಾಲ್ಕು ವರ್ಷದ ಹಿಂದೆ, ಇಂಗಳೇಶ್ವರದ ಮಲ್ಲನಗೌಡರು ಬಂದರು. ಹೊಲಮನೆಯವರು, ಆಗಷ್ಟೇ ಊರಲ್ಲಿ ಹೊಸ ಮನೆ ಕಟ್ಟಿಸಿದ್ದರು.

"ಸಂಗಪ್ಪಾ, ಊರಾಗ ಯಾರ ಮನಿಗೂ ಇರಬಾರದು, ಅಂಥಾ ಗೇಟ್ ಬೇಕ ನೋಡು."

"ನವಿಲ ಹಾಕಲೇನ್ರಿ?"

"ಮೂರ ಮನಿಗೆ ನವಿಲ ಅದಾವ."

"ಕಮಲ?"

"ಕಮಲ ನಮ್ಮ ಬೀಗರ ಮನ್ಯಾಗ ಐತಿ. ಅವ್ರು ಮಾಡಿದ್ದ ನಾ ಮಾಡೂದಿಲ್ಲ. ನಿನಗ ಏನ್ ತಿಳೀತೈತಿ ಅದನ್ನ ಮಾಡು."

ನನಗೆ ಏನು ತಿಳಿಯುತ್ತದೆ ಅಂತ ಅದುವರೆಗೆ ಯಾರೂ ಕೇಳಿರಲಿಲ್ಲ. ಎರಡು ಕದದ ಗೇಟು ಮಾಡಿದೆ. ಬಲದ ಕದದ ತುಂಬ ತಗಡು ಕತ್ತರಿಸಿ ರಾಕೆಟ್, ಕೆಳಗೆ ಮೂರು ನಾಲಿಗೆಯ ಬೆಂಕಿ. ಎಡದ ಕದದಲ್ಲಿ ಚಂದ್ರ, ಐದು ಚುಕ್ಕಿ. ಮೂವತ್ತು ವರ್ಷದ ಕೆಳಗೆ ಆ ಹೊದಿಕೆಯ ಮೇಲೆ ಕಂಡ ಜೋಡುಗಳಿಗಿಂತ ನನ್ನ ಜೋಡು ಸಫಾಯಿಯಾಗಿ ಬಂದಿತ್ತು. ಇಲ್ಲೊಂದು ಮಾತು ಹೇಳಬೇಕು. ಅಲ್ಲಿಯವರೆಗೆ ನನ್ನ ಅಂಗಡಿಯಿಂದ ಹೋದ ಒಂದೇ ಒಂದು ಗೇಟು ಹೊಳ್ಳಿ ಬಂದಿರಲಿಲ್ಲ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ ನಾಲ್ಕೂ ಕಡೆ ನಾನು ಎದೆ ತಟ್ಟಿ ಹೇಳುತ್ತಿದ್ದ ಮಾತು ಅದೊಂದೇ. ಓದಿದವರಿಗೆ ಸರ್ಟಿಫಿಕೇಟ್ ಇರುತ್ತದೆ, ನನಗೆ ಇದಿತ್ತು.

ಗೇಟನ್ನು ಟೆಂಪೋದಲ್ಲಿ ಹೇರಿಕೊಂಡು ಇಂಗಳೇಶ್ವರಕ್ಕೆ ಹೋದೆ. ಮಲ್ಲನಗೌಡರ ತಾಯಿ ನೀಲವ್ವ ಆಯಿ ಕಟ್ಟೆಯ ಮೇಲೆ ಶೇಂಗಾ ಬಿಡಿಸುತ್ತ ಕೂತಿದ್ದಳು. ಗೇಟು ಇಳಿಸಿ ಗೋಡೆಗೆ ಆನಿಸಿದ ಕೂಡಲೇ ಎದ್ದು ಬಂದು, ರಾಕೆಟ್ಟನ್ನು ನೋಡಿ, ಒಳಗಿನಿಂದ ವಿಭೂತಿ ತಂದು ಮೂರು ಬೆರಳಿನಿಂದ ಎಳೆದಳು. ಕೈಮುಗಿದಳು.

"ಕಳಸ ಭಾಳ ಚಲೋ ಮಾಡೀಯಪಾ. ಆದ್ರ ಎಲಿ ತೆಳಗ ಯಾಕ ಮಾಡೀದಿ? ಎಲಿ ಮ್ಯಾಲ ಬರಬೇಕಲ್ಲ."

ನಾನು ಸುಮ್ಮನಿದ್ದರೆ ಆಗುತ್ತಿತ್ತು. ಮಲ್ಲನಗೌಡರು ಕಣ್ಣಿನಲ್ಲೇ ಸುಮ್ಮನಿರು ಅಂದರು. ಆದರೆ ಅಷ್ಟು ಕಷ್ಟಪಟ್ಟು ಮಾಡಿದ ರಾಕೆಟ್ಟನ್ನು ಕಳಸ ಅಂದರೆ ಹೇಗೆ ತಡೆದುಕೊಳ್ಳಲಿ?

"ಅದು ಕಳಸ ಅಲ್ಲ ಆಯಿ, ರಾಕೆಟ್. ಅವು ಎಲಿ ಅಲ್ಲ, ಬೆಂಕಿ."

ಆಯಿ ವಿಭೂತಿಯ ಕೈಯನ್ನು ಹಿಂದೆ ತೆಗೆದುಕೊಂಡಳು. "ಬಾಗಲದಾಗ ಬೆಂಕಿ ಯಾಕೋ ಯಪ್ಪಾ?"

"ಹಾರಾಕ ಬೇಕಲ್ಲ ಬೇ."

"ಹಾರಿ ಎಲ್ಲಿಗಿ ಹೊಕ್ಕೈತಿ?"

"ಮ್ಯಾಲ. ಚಂದ್ರ, ಚುಕ್ಕಿ... ಅದರಾಚಿಗಿ."

"ಹೊಳ್ಳಿ ಯಾವಾಗ ಬರತೈತಿ?"

ಇಷ್ಟು ಕಾದಂಬರಿ ಓದಿದವನು ಗೇಟಿನ ಮೇಲೆ ಹೋಗುವುದನ್ನಷ್ಟೇ ಮಾಡಿದ್ದೆ. "ಹೊಳ್ಳಿ ಬರೂದ ಇದರಾಗ ತೋರಿಸಿಲ್ಲ ಆಯಿ" ಅಂದೆ.

"ಅಂದ್ರ, ಬರೂದಿಲ್ಲಾ ಅಂತ ಹೋಗೂದನ್ನ ನಮ್ಮ ಮನಿ ಬಾಗಲಕ್ಕ ಹಚ್ಚಾಕ ಬಂದೀಯೇನು? ನನ್ನ ಮಕ್ಕಳು ಮೊಮ್ಮಕ್ಕಳು ದಿನಾ ಇದರಾಗ ಹಾದು ಹೋಗಬೇಕೇನು? ಮಲ್ಯಾ, ಇದನ್ನ ಒಯ್ಯಾಕ ಹೇಳು."

ಮಲ್ಲನಗೌಡರು ಊರಿಗೆ ಗೌಡರು, ಆಯಿಗೆ ಮಲ್ಯಾ. ಗೇಟು ಮತ್ತೆ ಟೆಂಪೋ ಹತ್ತಿತು. ಬಾಗೇವಾಡಿಯ ಚಹಾದಂಗಡಿಯ ಮುಂದೆ ಕೂತವರು ನನ್ನನ್ನು ಸುಮ್ಮನೆ ಬಿಡುವವರಲ್ಲ.

"ಯಾಕೋ ಸಂಗಪ್ಪಾ, ರಾಕೆಟ್ ಹೊಳ್ಳಿ ಬಂತ?"

"ಪೆಟ್ರೋಲ್ ಮುಗದಿರಬೇಕ ಬಿಡ್ರೋ" ಅಂದ ಇನ್ನೊಬ್ಬ.

ನಾನು ಇಳಿಯಲಿಲ್ಲ. ಚಹಾ ಕುಡಿಯದೆ ಆ ಅಂಗಡಿಯನ್ನು ದಾಟಿದ್ದು ಅದೇ ಮೊದಲು. ಮನೆಗೆ ಬಂದು ಶಾಂತವ್ವನ ಮುಂದೆ ಕೂಗಾಡಿದೆ. ಮುದುಕಿಗೆ ಏನು ತಿಳಿಯುತ್ತದೆ, ವಿಜ್ಞಾನ ಅಂದರೆ ಏನು, ಇತ್ಯಾದಿ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ, "ಆಯಿ ಖರೇನ ಹೇಳ್ಯಾಳ" ಅಂದಳು. "ನೀವು ಊರಿಗಿ ಹೊಂಟಾಗ ಏನಂತೀರಿ?"

ಆ ರೊಟ್ಟಿಯ ಸಪ್ಪಳದಲ್ಲಿ ನನಗೆ ನಮ್ಮವ್ವ ನೆನಪಾದಳು. ಶಾಲೆ ಬಿಟ್ಟ ವರ್ಷ, ಸಿಂದಗಿಗೆ ಕೆಲಸಕ್ಕೆ ಹೊರಟ ದಿನ. ಆಗ ನಮ್ಮೂರಿಂದ ಬೆಳಗ್ಗೆ ಒಂದೇ ಬಸ್ಸು. ಅವಸರದಲ್ಲಿ "ಹೋಗ್ತೇನವಾ" ಅಂದು ಓಡಿದೆ. ಒಂದು ಕಾಲು ಬಸ್ಸಿನ ಮೆಟ್ಟಿಲ ಮೇಲಿತ್ತು. ಹಿಂದಿನಿಂದ ಯಾರೋ ಅಂಗಿ ಹಿಡಿದು ಎಳೆದರು. ಅವ್ವ, ಹಿಟ್ಟಿನ ಕೈಯಲ್ಲೇ ಓಡಿಬಂದಿದ್ದಳು.

"ಏನಂದಿ? ಏನಂದಿ ನೀ?"

"ಏನಂದ್ನೆವಾ? ಹೋಗ್ತೇನಿ ಅಂದೆ."

"ಹಂಗ ಅಂತಾರೇನ? ನಡಿ ಮನಿಗಿ."

ಬಸ್ಸಿನ ಮಂದಿಯೆಲ್ಲ ನೋಡುತ್ತಿದ್ದರು. ಅವ್ವ ನನ್ನನ್ನು ಮನೆಗೆ ಕರೆದೊಯ್ದು, ಒಳಗೆ ನಿಲ್ಲಿಸಿ, ಹೊಸ್ತಿಲು ದಾಟಿಸಿ, "ಬರ್ತೇನವಾ" ಅನ್ನಿಸಿದಳು. ನಾನು ಅಂದೆ. ಅಷ್ಟರಲ್ಲಿ ಬಸ್ಸು ಹೋಗಿತ್ತು. ಮರುದಿನ ಅದೇ ಅಂಗಿಯಲ್ಲಿ ಸಿಂದಗಿಗೆ ಹೋದೆ. ಬೆನ್ನ ಮೇಲೆ ಜೋಳದ ಹಿಟ್ಟಿನ ಐದು ಬೆರಳು ಇನ್ನೂ ಇದ್ದವು. "ನಿನ್ನಿ ಬರಬೇಕಾದಾಂವ, ಬಸ್ ತಪ್ಪಿತೇನೋ?" ಅಂತ ಕೆಲಸ ಕಲಿಸುವ ಉಸ್ತಾದರು ಕೇಳಿದರು. "ಇಲ್ರಿ, ನಮ್ಮವ್ವ ಇಳಿಸ್ಕೊಂಡ್ಲ್ರಿ" ಅಂದೆ. ಅವರು ಬೆನ್ನು ನೋಡಿದರು, ಕೆಲಸಕ್ಕೆ ಹಚ್ಚಿದರು.

ಕಪಾಟಿನಿಂದ ಚಟ್ನಿಯ ಕಾದಂಬರಿ ತೆಗೆದು ಮೊದಲ ಅಧ್ಯಾಯ ಮತ್ತೆ ನೋಡಿದೆ. ಅಲ್ಲಿಯೂ ನಾಯಕ ಬಾಗಿಲಲ್ಲಿ ನಿಂತು ತಾಯಿಗೆ ಬರುತ್ತೇನೆ ಅನ್ನುತ್ತಾನೆ. ಎಷ್ಟೋ ಸಲ ಓದಿದ್ದರೂ ಆ ಸಾಲು ದಾಟಿ ಉಡಾವಣೆಗೆ ಓಡುತ್ತಿದ್ದೆ. ಆ ಕಾದಂಬರಿ ನನಗೆ ಯಾಕೆ ಅಷ್ಟು ಇಷ್ಟ ಅನ್ನುವುದು ಆ ಸಂಜೆ ಗೊತ್ತಾಯಿತು. ಬಸಪ್ಪ ಮಾತ್ರ ಯಾರಿಗೂ ಹೇಳದೆ ಹೋಗಿದ್ದ.

ಸರಿ, ಎಡದ ಕದದಿಂದ ಚಂದ್ರ, ಚುಕ್ಕಿ ಕಿತ್ತು ಅಲ್ಲಿ ಬರುವ ರಾಕೆಟ್ ಮಾಡುವುದೆಂದು ತೀರ್ಮಾನಿಸಿದೆ. ತೊಡಕು ಬಂದದ್ದು ಇಲ್ಲಿ. ಬರುವುದು ಅಂದರೆ ಹೇಗಿರುತ್ತದೆ? ಮೂಗು ಕೆಳಗೆ ಮಾಡಿ ಸೀಮೆಸುಣ್ಣದಲ್ಲಿ ಬರೆದೆ. ಮನೆಯ ಮೇಲೆ ಬೀಳುತ್ತಿರುವ ಬಾಂಬಿನ ಹಾಗೆ ಕಂಡಿತು. ಇದನ್ನು ಆಯಿಗೆ ತೋರಿಸಿದರೆ ಗೇಟಿನ ಜೊತೆ ನನ್ನನ್ನೂ ಊರು ದಾಟಿಸುತ್ತಾಳೆ. ಮೊಬೈಲಿನಲ್ಲಿ ನೋಡಿದೆ. ಈಗಿನ ರಾಕೆಟ್ಟುಗಳು ತಲೆ ಮೇಲೆ, ಬೆಂಕಿ ಕೆಳಗೆ ಮಾಡಿಕೊಂಡೇ ನೆಟ್ಟಗೆ ಇಳಿಯುತ್ತವೆ. ಹಾಗೆ ಮಾಡಿದರೆ ಎರಡು ಕದವೂ ಒಂದೇ ಆಗುತ್ತದೆ. ನೋಡಿದವರು ಎರಡೂ ಹೊರಟವು ಅನ್ನುತ್ತಾರೆ! ಮೂರು ದಿನ ಸುಣ್ಣದಲ್ಲಿ ಬರೆದೆ, ಅಳಿಸಿದೆ. ಕೊನೆಗೆ ಸೋತು, ಆಯಿಯನ್ನೇ ಕೇಳೋಣವೆಂದು ಬೈಕ್ ಹತ್ತಿದೆ. ಹೊರಡುವಾಗ "ಬರ್ತೇನಿ" ಅಂದೆ. ಶಾಂತವ್ವ ಮುಖ ತಿರುಗಿಸಿ ನಕ್ಕಳು.

ಬಿಸಿಲಲ್ಲಿ ಇಂಗಳೇಶ್ವರ ಮುಟ್ಟಿದೆ. ಆಯಿ ಅದೇ ಕಟ್ಟೆಯ ಮೇಲಿದ್ದಳು. ಬೈಕ್ ನಿಲ್ಲಿಸುವುದನ್ನು ನೋಡಿ ಎದ್ದು ಒಳಗೆ ಹೋದಳು. ಮುಖ ನೋಡುವುದೂ ಬೇಡವಾಯಿತೇನೋ ಅಂದುಕೊಂಡು ನಾನು ಅಂಗಳದಲ್ಲೇ ನಿಂತೆ. ಆಯಿ, ದೂರದಿಂದ ಬಂದವರಿಗೆ ಕೊಡುವ ಹಾಗೆ, ಒಂದು ಹಿತ್ತಾಳೆಯ ಚರಗಿ ತುಂಬ ನೀರು ತಂದು ನನ್ನ ಮುಂದೆ ಇಟ್ಟಳು.

"ಕಾಲ ತೊಳಕೋ. ಜಗಳ ಆಮ್ಯಾಲ ಮಾಡೂಣು."

ನಾನು ಚರಗಿ ಎತ್ತಿ ಕಾಲಿಗೆ ನೀರು ಹಾಕಿಕೊಂಡೆ. ಧೂಳು ಕೆಂಪಾಗಿ ಹರಿದುಹೋಯಿತು. ಇನ್ನೊಂದು ಕಾಲಿಗೆ ಹಾಕುತ್ತಿದ್ದವನು ಚರಗಿ ಹಿಡಿದುಕೊಂಡೇ ನಿಂತುಬಿಟ್ಟೆ.

"ಯಾಕೋ? ನೀರ ಕಾದೈತೇನ?"

"ಇಲ್ಲ ಆಯಿ. ನಾ ಬರ್ತೇನಿ."

"ಕಾಲ ತೊಳಕೊಳ್ಳಾಕ ಬಂದಿದ್ದೇನು?"

"ಹೌದಬೇ, ಅದಕ್ಕ ಬಂದಿದ್ದೆ ಅನ್ನು."

"ಹುಚ್ಚ ಐತಿ ಇದಕ" ಅಂತ ಆಯಿ ಓಣಿಗೆಲ್ಲ ಕೇಳುವಂತೆ ಹೇಳಿದಳು. ನಾನು ಆಗಲೇ ಬೈಕಿನ ಮೇಲಿದ್ದೆ, ಒಂದು ಕಾಲು ತೊಳೆದದ್ದು, ಒಂದು ಅರ್ಧ ತೊಳೆದದ್ದು.

ಎರಡನೆಯ ಸಲ ಗೇಟು ಇಳಿಸಿದಾಗ ಓಣಿಯ ಹೆಂಗಸರೆಲ್ಲ ಬಂದಿದ್ದರು. ಬಲದ ಕದದಲ್ಲಿ ಬೆಂಕಿ ಉಗುಳುತ್ತ ಹೋಗುವ ರಾಕೆಟ್. ಎಡದ ಕದದಲ್ಲಿ ಬೆಂಕಿ ಆರಿದ, ನೆಲಕ್ಕೆ ಕಾಲೂರಿ ನಿಂತ ರಾಕೆಟ್. ಅದರ ಬುಡದಲ್ಲಿ, ದಪ್ಪ ತಗಡು ಬಡಿದು ಮಾಡಿದ ಒಂದು ಚರಗಿ. ಆಯಿ ಹತ್ತಿರ ಬಂದಳು. ಬಲದ ಕದ ನೋಡಿದಳು, ಎಡದ್ದು ನೋಡಿದಳು. ಇನ್ನೊಮ್ಮೆ ಆ ಚಹಾದಂಗಡಿಯ ಮುಂದೆ ಹಾಯಬೇಕಾದರೆ ನಾನು ಊರು ಬದಲಿಸುವವನೇ.

ಆಯಿ ಬಗ್ಗಿ ಚರಗಿಯ ಬಾಯಿಯೊಳಗೆ ಬೆರಳಿಟ್ಟು ನೋಡಿದಳು. ನೀರಿದೆಯೇ ಅಂತಲೋ, ಅಂಚು ಹರಿತವಿದೆಯೇ ಅಂತಲೋ ನನಗೆ ಇಂದಿಗೂ ಗೊತ್ತಿಲ್ಲ.

"ಬಂದಾವ್ರು ಯಾರೋ?" ಅಂದಳು.

"ಹೋದಾವ್ರ, ಆಯಿ."

"ಹೋಗಿ ಭಾಳ ದಿನಾ ಆಗಿತ್ತೇನು?"

"ಭಾಳ ದೂರ ಹೋಗಿದ್ರು."

"ಹಂಗಾರ ದಣದಿರತಾರ." ತಿರುಗಿ ಮಗನಿಗೆ ಹೇಳಿದಳು, "ನಿಂತ ಏನ್ ನೋಡ್ತಿ ಮಲ್ಯಾ, ಕೂಡಸಾಕ ಹೇಳು." ಆಮೇಲೆ ವಿಭೂತಿ ತಂದಳು. ಮೊದಲು ಚರಗಿಗೆ ಹಚ್ಚಿದಳು, ಆಮೇಲೆ ಬಂದ ರಾಕೆಟ್ಟಿಗೆ, ಕೊನೆಗೆ ಹೋಗುವುದಕ್ಕೆ. ಹೋಗುವುದಕ್ಕೆ ಹಚ್ಚುವಾಗ ಬೆಂಕಿಗೆ ಕೈ ತಾಗದಂತೆ ಹಚ್ಚಿದಳು.

ಆ ಗೇಟು ಇಂಗಳೇಶ್ವರದಲ್ಲಿ ಇನ್ನೂ ಇದೆ. ಮನೆಯವರು ಹೊರಗೆ ಹೋಗುವಾಗ ಬಲದ ಕದ, ಬರುವಾಗ ಎಡದ ಕದ ತೆಗೆಯಬೇಕು ಅಂತ ಆಯಿ ಕಟ್ಟಳೆ ಮಾಡಿದ್ದಾಳಂತೆ. ಮಲ್ಲನಗೌಡರು ಬೈಕಿನಲ್ಲಿ ಬಂದರೆ ಇಳಿದು, ಎಡದ್ದನ್ನೇ ತೆಗೆದು, ಮತ್ತೆ ಹತ್ತಿ ಒಳಗೆ ಹೋಗುತ್ತಾರೆ. ನನ್ನನ್ನು ಕಂಡರೆ ಬೈಯುತ್ತಾರೆ, ಆದರೆ ನಗುತ್ತ ಬೈಯುತ್ತಾರೆ. ಈಗ ಹೊಸ ಕಾದಂಬರಿ ಸಿಕ್ಕರೆ ನಾನು ಮೊದಲು ನೋಡುವುದು ಜೋಡುಗಳನ್ನಲ್ಲ. ಹೊರಡುವಾಗ ಬಾಗಿಲಲ್ಲಿ ಯಾರು ನಿಂತಿದ್ದಾರೆ, ಏನು ಹೇಳಿ ಕಳಿಸಿದರು, ಅದನ್ನು ನೋಡುತ್ತೇನೆ. ಅದು ಸರಿಯಾಗಿದ್ದರೆ ಎಷ್ಟು ದೂರದ ಗ್ರಹಕ್ಕಾದರೂ ಅವರ ಜೊತೆ ಹೋಗಿ ಬರುತ್ತೇನೆ.

ಸದ್ಯ ನನ್ನ ಬಳಿ ಇರುವುದು ಇಷ್ಟು. ಅಂಗಡಿ ಒಂದು. ವೆಲ್ಡಿಂಗ್ ಮಶೀನು ಎರಡು. ಕಪ್ಪು ಗಾಜಿನ ಕನ್ನಡಕ ಮೂರು, ಓದುವ ಕನ್ನಡಕ ಒಂದು. ನಾನೇ ಮಾಡಿದ ಕಬ್ಬಿಣದ ಕಪಾಟಿನಲ್ಲಿ ವಿಜ್ಞಾನ ಕಾದಂಬರಿ ನಲವತ್ತೊಂದು. ಶಾಂತವ್ವ ಒಬ್ಬಳು. ಚುಕ್ಕಿ ಐದು, ಹಿಡಿಕೆಯಿಲ್ಲದ ಚಂದ್ರ ಒಂದು. ಇಷ್ಟು ವರ್ಷದಲ್ಲಿ ಹೊಳ್ಳಿ ಬಂದ ಗೇಟು, ಒಂದು.